ಬೀಜವನ್ನು ಆರಿಸುವ ಮುನ್ನ



ಕಳೆದ ಜಾತ್ರೆಯ ಸಂದರ್ಭದಲ್ಲಿ ಶ್ರೀಮಠದ ಆವರಣದಲ್ಲಿ ಉಚಿತ ಆರೋಗ್ಯ ತಪಾಸಣೆ ಏರ್ಪಟ್ಟಿತ್ತು. ಸಂಜೆ ಜನಸಂದಣಿ ಕರಗಿದ ಮೇಲೆ ಒಬ್ಬ ತಾಯಿ ತಮ್ಮ ಸೊಸೆಯನ್ನು ಕರೆದುಕೊಂಡು ನಮ್ಮೆದುರು ಬಂದು ಕುಳಿತರು. ಮದುವೆಯಾಗಿ ಆರು ವರ್ಷ ಕಳೆದಿದ್ದವು. ಸೊಸೆಗೆ ಇಪ್ಪತ್ತೊಂಬತ್ತರ ಪ್ರಾಯ. ಆಕೆಯ ಕೈಯಲ್ಲೊಂದು ದಪ್ಪನೆಯ ಫೈಲು. ಅದರಲ್ಲಿ ಆಕೆಯ ರಕ್ತಪರೀಕ್ಷೆಗಳು, ಗರ್ಭಕೋಶದ ಸ್ಕ್ಯಾನಿಂಗ್ ವರದಿಗಳು, ಗರ್ಭನಾಳದ ಎಕ್ಸ್-ರೇ, ಹೀಗೆ ಆರು ವರ್ಷಗಳ ಕಾಗದಗಳೆಲ್ಲ ಇದ್ದವು. ಗಂಡನ ಹೆಸರಿನಲ್ಲಿ ಮಾತ್ರ ಒಂದು ಹಾಳೆಯೂ ಇರಲಿಲ್ಲ. ಮಗನ ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದೆವು. "ಅವಗೇನಾಗೇತ್ರೀ ಸಾಹೇಬ್ರ, ಎತ್ತಿನಂಗ ದುಡೀತಾನ" ಎಂದರು ಆ ತಾಯಿ. ಸೊಸೆ ತಲೆ ಎತ್ತಲಿಲ್ಲ.

ಮಗನನ್ನು ಕರೆಸಿದೆವು. ಗದ್ದೆಯ ಕೆಲಸದ ಜೊತೆಗೆ ವೆಲ್ಡಿಂಗ್ ಅಂಗಡಿ ನಡೆಸುವ ಸಭ್ಯ ಯುವಕ. ವೀರ್ಯಪರೀಕ್ಷೆಯಲ್ಲಿ ವೀರ್ಯಾಣುಗಳ ಸಂಖ್ಯೆ, ಚಲನೆ ಎರಡೂ ಕಡಿಮೆ ಎಂದು ತಿಳಿಯಿತು. ಆ ವರದಿಯನ್ನು ಹಿಡಿದು ದಂಪತಿಗಳು ನಗರದ ಒಂದು ಸಂತಾನ ಚಿಕಿತ್ಸಾ ಕೇಂದ್ರಕ್ಕೆ ಹೋಗಿಬಂದರು. ಹದಿನೈದು ದಿನಗಳ ತರುವಾಯ ಮತ್ತೆ ನಮ್ಮಲ್ಲಿಗೆ ಬಂದಾಗ ಅವರ ಕೈಯಲ್ಲಿ ಖರ್ಚಿನ ಪಟ್ಟಿಯಿತ್ತು. ಪ್ರನಾಳ ಶಿಶು ಚಿಕಿತ್ಸೆಯ ವೆಚ್ಚದ ಕೆಳಗೆ 'ಉತ್ತಮ ವೀರ್ಯಾಣು ಆಯ್ಕೆ' ಎಂದು ಬರೆದು ಇನ್ನೊಂದು ದೊಡ್ಡ ಮೊತ್ತವನ್ನು ಸೇರಿಸಲಾಗಿತ್ತು. ಎರಡು ಎಕರೆ ಗದ್ದೆಯನ್ನು ಒತ್ತೆ ಇಡುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. "ಇದನ್ನ ಮಾಡಿಸಿದ್ರ ಮಗು ಆಗೇ ಆಗ್ತೈತೇನ್ರೀ?" ಎಂದು ಆ ಯುವಕ ಕೇಳಿದ. ಅವನಿಗೆ ಕೊಟ್ಟ ಉತ್ತರವನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ. ಇಂಥ ಪಟ್ಟಿ ಹಿಡಿದು ಚಿಂತೆಗೀಡಾದ ಮನೆಗಳು ನಮ್ಮ ಭಕ್ತವೃಂದದಲ್ಲಿ ಇನ್ನೂ ಇವೆಯೆಂದು ಬಲ್ಲೆವು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ವೀರ್ಯಾಣುವನ್ನು ಆರಿಸುವುದು ನಿಜವಾದ ವಿದ್ಯೆ. ಅದನ್ನು ನಾವು ಹೀಗಳೆಯುವುದಿಲ್ಲ. ಆದರೆ ಹೆಚ್ಚಿನ ಹಣ ಪಡೆದು ಮಾಡುವ ವಿಶೇಷ ಆಯ್ಕೆಗಳಿಂದ ಮಗುವಾಗುವ ಸಾಧ್ಯತೆ ಖಚಿತವಾಗಿ ಹೆಚ್ಚುತ್ತದೆ ಎನ್ನುವುದಕ್ಕೆ ಇಂದಿಗೂ ಗಟ್ಟಿಯಾದ ಆಧಾರ ದೊರೆತಿಲ್ಲ. ಬೀಜವನ್ನು ಆರಿಸುವ ಮುನ್ನ ಬೀಜವನ್ನು ಕಾಪಾಡಿಕೊಳ್ಳುವ ಕೆಲಸವಿದೆ. ಅದಕ್ಕೆ ಭೂಮಿಯನ್ನು ಒತ್ತೆ ಇಡಬೇಕಾಗಿಲ್ಲ.

ಜೊಳ್ಳು ಮತ್ತು ಗಟ್ಟಿ ಕಾಳು

ಭತ್ತ ಬೆಳೆಯುವ ನಮ್ಮ ರೈತರಿಗೆ ಬೀಜದ ಆಯ್ಕೆ ಹೊಸತಲ್ಲ. ಉಪ್ಪು ಕರಗಿಸಿದ ನೀರಿಗೆ ಬಿತ್ತನೆಯ ಭತ್ತವನ್ನು ಸುರಿದರೆ ಜೊಳ್ಳು ಮೇಲೆ ತೇಲುತ್ತದೆ, ಗಟ್ಟಿ ಕಾಳು ತಳ ಸೇರುತ್ತದೆ. ತೇಲಿದ್ದನ್ನು ಬಳಿದು ಚೆಲ್ಲಿ, ತಳದ ಕಾಳನ್ನು ಒಳ್ಳೆಯ ನೀರಿನಲ್ಲಿ ತೊಳೆದು ಬಿತ್ತುತ್ತಾರೆ. ಸಂತಾನ ಚಿಕಿತ್ಸೆಯ ಪ್ರಯೋಗಾಲಯದಲ್ಲಿ ಬಹುಕಾಲದಿಂದ ನಡೆಯುತ್ತಿರುವ ಒಂದು ವಿಧಾನವೂ ಹೆಚ್ಚುಕಡಿಮೆ ಇದೇ ಬಗೆಯದು. ಬೇರೆ ಬೇರೆ ಸಾಂದ್ರತೆಯ ದ್ರವವನ್ನು ಪದರಪದರವಾಗಿ ನಳಿಕೆಯಲ್ಲಿ ತುಂಬಿ, ಮೇಲೆ ವೀರ್ಯವನ್ನು ಹಾಕಿ ಯಂತ್ರದಲ್ಲಿ ತಿರುಗಿಸುತ್ತಾರೆ. ಪಕ್ವವಾದ ವೀರ್ಯಾಣುಗಳು ಪದರಗಳನ್ನು ದಾಟಿ ತಳ ಸೇರುತ್ತವೆ. ಸತ್ತವು, ಅಪಕ್ವವಾದವು ಮೇಲೆಯೇ ಉಳಿಯುತ್ತವೆ. ಇನ್ನೊಂದು ವಿಧಾನದಲ್ಲಿ ವೀರ್ಯದ ಮೇಲೆ ಪೋಷಕ ದ್ರವವನ್ನು ಹಾಕಿ ದೇಹದ ಉಷ್ಣತೆಯಲ್ಲಿ ಸ್ವಲ್ಪ ಹೊತ್ತು ಬಿಡುತ್ತಾರೆ. ಚುರುಕಾದ ವೀರ್ಯಾಣುಗಳು ತಾವೇ ಈಜಿ ಮೇಲಿನ ದ್ರವಕ್ಕೆ ಬರುತ್ತವೆ. ಈ ಎರಡೂ ಸಾಧಾರಣ ವಿಧಾನಗಳು. ಚಿಕಿತ್ಸೆಯ ಭಾಗವಾಗಿಯೇ ನಡೆಯುವಂಥವು.

ಪ್ರಕೃತಿಯಲ್ಲಿ ಈ ಜರಡಿ ಹಿಡಿಯುವ ಕಾರ್ಯವನ್ನು ಸ್ತ್ರೀಶರೀರವೇ ಮಾಡುತ್ತದೆ. ಕೋಟಿಗಟ್ಟಲೆ ವೀರ್ಯಾಣುಗಳು ಹೊರಟರೂ ಗರ್ಭಕೋಶದ ಬಾಯಿಯ ಲೋಳೆಯನ್ನು ದಾಟಿ, ದೀರ್ಘವಾದ ಹಾದಿಯನ್ನು ಕ್ರಮಿಸಿ ಅಂಡಾಣುವಿನ ಸಮೀಪ ತಲುಪುವವು ಕೆಲವೇ ನೂರು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಜನಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖ್ಯೋಪಾಧ್ಯಾಯರ ಪ್ರಯತ್ನದಿಂದ ನಮ್ಮ ದೇಶದಲ್ಲಿಯೂ ಒಂದು ಹೆಣ್ಣುಮಗು ಜನಿಸಿತು. ಅಲ್ಲಿಂದ ಮುಂದೆ ಅಂಡಾಣು-ವೀರ್ಯಾಣುಗಳ ಮಿಲನ ದೇಹದ ಹೊರಗೆ ಸಾಧ್ಯವಾಯಿತು. ಆಗಲೂ ಅನೇಕ ವೀರ್ಯಾಣುಗಳ ನಡುವೆ ಪೈಪೋಟಿ ಇದ್ದೇ ಇತ್ತು. 1992ರಲ್ಲಿ ಬ್ರಸೆಲ್ಸ್ ನಗರದ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಕ್ಷ್ಮ ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ 'ಇಕ್ಸಿ' ವಿಧಾನದಿಂದ ಮಕ್ಕಳಾದುದನ್ನು ವರದಿ ಮಾಡಿದರು. ವೀರ್ಯಾಣು ತೀರ ಕಡಿಮೆಯಿರುವ ಪುರುಷರಿಗೂ ತಂದೆಯಾಗುವ ಭಾಗ್ಯವನ್ನು ಅದು ತಂದಿತು. ಆದರೆ ಇಲ್ಲಿ ಆ ಪೈಪೋಟಿಯೂ ಇಲ್ಲವಾಯಿತು. ಪ್ರಯೋಗಾಲಯದ ತಜ್ಞರ ಕಣ್ಣಿಗೆ ಚೆಂದವಾಗಿ ಕಂಡ ಒಂದು ವೀರ್ಯಾಣುವೇ ಮುಂದಿನ ಪೀಳಿಗೆಯ ಬೀಜವಾಗಬೇಕು. ಹೊರರೂಪ ಚೆನ್ನಾಗಿದ್ದರೂ ಒಳಗಿನ ಡಿಎನ್‌ಎ ತುಂಡಾಗಿರಬಹುದು. ಹಾಗಾದರೆ ಯಾವುದನ್ನು ಆರಿಸಬೇಕು? ಹೊಸ ಉಪಾಯಗಳೆಲ್ಲ ಹುಟ್ಟಿದ್ದು ಈ ನ್ಯಾಯವಾದ ಪ್ರಶ್ನೆಯಿಂದ.

ಆಯ್ಕೆಯ ಹೊಸ ಸಾಧನಗಳು

ಮೊದಲನೆಯದು 'ಪಿಕ್ಸಿ'. ಅಂಡಾಣುವಿನ ಸುತ್ತ ಹೈಲುರೋನಾನ್ ಎಂಬ ಅಂಟು ಪದಾರ್ಥವಿರುತ್ತದೆ. ಪಕ್ವವಾದ ವೀರ್ಯಾಣು ಅದಕ್ಕೆ ಅಂಟಿಕೊಳ್ಳುತ್ತದೆ. ಆ ಪದಾರ್ಥವನ್ನು ಬಟ್ಟಲಿನಲ್ಲಿಟ್ಟು, ಅಂಟಿಕೊಂಡ ವೀರ್ಯಾಣುವನ್ನೇ ಎತ್ತಿಕೊಳ್ಳುವುದು ಈ ಕ್ರಮ. ಎರಡನೆಯದು 'ಇಮ್ಸಿ'. ಸಾಮಾನ್ಯವಾಗಿ ಕೆಲವು ನೂರು ಪಟ್ಟು ಹಿಗ್ಗಿಸಿ ನೋಡುವ ವೀರ್ಯಾಣುವನ್ನು ಇಲ್ಲಿ ಆರು ಸಾವಿರ ಪಟ್ಟಿಗೂ ಮಿಗಿಲಾಗಿ ಹಿಗ್ಗಿಸಿ, ಅದರ ತಲೆಯಲ್ಲಿ ಗುಳಿಗಳಿವೆಯೇ ಎಂದು ಪರೀಕ್ಷಿಸುತ್ತಾರೆ. ಮೂರನೆಯದು 'ಮ್ಯಾಕ್ಸ್'. ಅಳಿವಿನ ಹಾದಿ ಹಿಡಿದ ವೀರ್ಯಾಣುಗಳ ಹೊರಪೊರೆಯ ಮೇಲೆ ಒಂದು ಗುರುತು ಕಾಣಿಸಿಕೊಳ್ಳುತ್ತದೆ. ಅದಕ್ಕೆ ಅಂಟುವ ಅತಿಸೂಕ್ಷ್ಮ ಕಾಂತಕಣಗಳನ್ನು ಸೇರಿಸಿ, ಅಯಸ್ಕಾಂತದ ನಡುವೆ ಹಾಯಿಸಿದರೆ ಅಂಥವು ಹಿಂದೆಯೇ ಉಳಿಯುತ್ತವೆ. ನಾಲ್ಕನೆಯದು ಸೂಕ್ಷ್ಮ ಕಾಲುವೆಗಳ ಚಿಪ್. ಕೂದಲಿನಷ್ಟು ಕಿರಿದಾದ ಹಾದಿಗಳಲ್ಲಿ ವೀರ್ಯಾಣುಗಳು ತಾವೇ ಈಜಿ ಹೊರಬರುವಂತೆ ಮಾಡುವ ಈ ಸಾಧನದಲ್ಲಿ ಯಂತ್ರದ ತಿರುಗಾಟವಿಲ್ಲ. ಹೀಗೆ ಬಂದ ವೀರ್ಯಾಣುಗಳಲ್ಲಿ ಡಿಎನ್‌ಎ ಹಾನಿ ಕಡಿಮೆ ಇರುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ.

ಕೇಳಲು ಎಲ್ಲವೂ ಯುಕ್ತಿಯುಕ್ತವಾಗಿವೆ. ಆದರೆ ಪ್ರಯೋಗಾಲಯದಲ್ಲಿ ಚೆನ್ನಾಗಿ ಕಂಡದ್ದು ತೊಟ್ಟಿಲು ತೂಗುವವರೆಗೆ ತಲುಪುತ್ತದೆಯೇ? ದಂಪತಿಗಳಿಗೆ ಬೇಕಾದ ಉತ್ತರ ಅದೊಂದೇ.

ತಕ್ಕಡಿಯಲ್ಲಿ ತೂಗಿದಾಗ

ಈ ಪ್ರಶ್ನೆಯನ್ನು ಹಿಡಿದು ಬ್ರಿಟನ್ನಿನ 16 ಚಿಕಿತ್ಸಾ ಕೇಂದ್ರಗಳು ಒಟ್ಟಾಗಿ ನಡೆಸಿದ ಅಧ್ಯಯನ 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2772 ದಂಪತಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸಾಧಾರಣ ಇಕ್ಸಿ, ಇನ್ನೊಂದಕ್ಕೆ ಪಿಕ್ಸಿ ಮಾಡಲಾಯಿತು. ದಿನ ತುಂಬಿ ಜೀವಂತ ಮಗು ಹುಟ್ಟಿದ್ದು ಪಿಕ್ಸಿ ಗುಂಪಿನಲ್ಲಿ ಶೇಕಡಾ 27.4, ಸಾಧಾರಣ ಗುಂಪಿನಲ್ಲಿ ಶೇಕಡಾ 25.2. ಈ ಅಲ್ಪ ಅಂತರ ಆಕಸ್ಮಿಕವೂ ಆಗಿರಬಹುದೆಂದು ಲೆಕ್ಕಶಾಸ್ತ್ರ ಹೇಳಿತು. ಗರ್ಭಪಾತ ಮಾತ್ರ ಪಿಕ್ಸಿ ಗುಂಪಿನಲ್ಲಿ ಶೇಕಡಾ 4, ಇನ್ನೊಂದರಲ್ಲಿ ಶೇಕಡಾ 7 ಇತ್ತು. ಇದು ಗಮನಿಸತಕ್ಕ ವಿಷಯ. ಪದೇ ಪದೇ ಗರ್ಭ ನಿಲ್ಲದವರಿಗೆ ವೈದ್ಯರು ಇದನ್ನು ಸೂಚಿಸಿದರೆ ಅವರ ವಿಚಾರಕ್ಕೆ ಒಂದು ಆಧಾರವಿದೆ ಎಂದು ಒಪ್ಪುತ್ತೇವೆ. ಆದರೆ ಎರಡೂ ಗುಂಪುಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ದಂಪತಿಗಳಿಗೆ ಹಾಗೆ ದಿನ ತುಂಬಿದ ಮಗು ದಕ್ಕಲಿಲ್ಲ ಎಂಬುದನ್ನೂ ಮರೆಯಬಾರದು.

ಅದೇ ವರ್ಷ ಕಾಕ್ರೇನ್ ಸಂಸ್ಥೆಯು ಈ ವಿಶೇಷ ಆಯ್ಕೆ ವಿಧಾನಗಳ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ಜೀವಂತ ಶಿಶುಜನನ ಹೆಚ್ಚುತ್ತದೆ ಎಂದು ಹೇಳಲು ಪುರಾವೆ ಸಾಲದು ಎಂಬುದೇ ಅದರ ತೀರ್ಮಾನವಾಗಿತ್ತು. ಯುರೋಪಿನ ಸಂತಾನ ಚಿಕಿತ್ಸಾ ತಜ್ಞರ ಸಂಘವು 2023ರಲ್ಲಿ ನೀಡಿದ ಮಾರ್ಗಸೂಚಿಯೂ ಇವುಗಳನ್ನು ಎಲ್ಲರಿಗೂ ವಾಡಿಕೆಯಾಗಿ ಮಾಡುವಂತೆ ಶಿಫಾರಸು ಮಾಡಿಲ್ಲ.

ಇದಕ್ಕೆ ಕಾರಣ ತಿಳಿಯದ್ದೇನಲ್ಲ. ಜರಡಿ ಇದ್ದುದರಲ್ಲಿ ಒಳ್ಳೆಯದನ್ನು ಆರಿಸೀತು. ಹೊಸ ಕಾಳನ್ನು ಸೃಷ್ಟಿಸಲಾರದು. ಮತ್ತು ಬೀಜವೊಂದೇ ಬೆಳೆಯಲ್ಲ. ಸ್ತ್ರೀಯ ವಯಸ್ಸು, ಅಂಡಾಣುವಿನ ಗುಣ, ಗರ್ಭಕೋಶದ ಸ್ಥಿತಿ ಎಲ್ಲವೂ ಫಲವನ್ನು ನಿರ್ಧರಿಸುತ್ತವೆ. ಸುಶ್ರುತಾಚಾರ್ಯರು ಗರ್ಭೋತ್ಪತ್ತಿಗೆ ಋತು, ಕ್ಷೇತ್ರ, ಅಂಬು, ಬೀಜ ಎಂಬ ನಾಲ್ಕನ್ನು ಹೇಳಿರುವುದು ಇದೇ ಅರ್ಥದಲ್ಲಿ. ಸಕಾಲ, ಹದವಾದ ಭೂಮಿ, ಪೋಷಿಸುವ ನೀರು, ಸತ್ವವುಳ್ಳ ಬೀಜ, ಇವು ನಾಲ್ಕೂ ಕೂಡಿದಾಗಲೇ ಮೊಳಕೆ.

ಮೂರು ತಿಂಗಳ ಸಾಧನೆ

ಚರಕಾಚಾರ್ಯರು ಶುಕ್ರದ ಎಂಟು ದೋಷಗಳನ್ನು ಎಣಿಸಿದ್ದಾರೆ. ಅಂದರೆ ಮಗುವಾಗದಿದ್ದರೆ ಪುರುಷನನ್ನೂ ಪರೀಕ್ಷಿಸಬೇಕೆಂಬ ವಿವೇಕ ನಮ್ಮ ಶಾಸ್ತ್ರದಲ್ಲಿ ಅಂದೇ ಇತ್ತು. ಸಂತಾನಹೀನತೆಯ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಹೀಗಿದ್ದೂ ನಮ್ಮ ಮನೆಗಳಲ್ಲಿ ಸೊಸೆಯ ಫೈಲು ದಪ್ಪವಾಗುತ್ತ ಹೋಗುತ್ತದೆ, ಮಗನ ಫೈಲು ಶುರುವಾಗುವುದೇ ಇಲ್ಲ. ಬಂಜೆ ಎಂಬ ಮಾತನ್ನು ನಮ್ಮ ಸಮಾಜ ಹೆಣ್ಣಿಗೇ ಮೀಸಲಿಟ್ಟಿತು. ಅತ್ಯಂತ ಸುಲಭವಾದ, ನೋವಿಲ್ಲದ, ಅಗ್ಗದ ಪರೀಕ್ಷೆ ವೀರ್ಯಪರೀಕ್ಷೆ. ಅದನ್ನು ಮೊದಲು ಮಾಡಿಸದೆ ಹೆಣ್ಣುಮಗಳನ್ನು ಶಸ್ತ್ರಚಿಕಿತ್ಸೆಯ ಮೇಜಿಗೆ ಕಳುಹಿಸುವುದು ಅನ್ಯಾಯ.

ಪರೀಕ್ಷೆಗೆ ಮುನ್ನ ಎರಡರಿಂದ ಏಳು ದಿನ ಸಂಯಮವಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಂತೆ ಪ್ರತಿ ಮಿಲಿಲೀಟರಿಗೆ 1 ಕೋಟಿ 60 ಲಕ್ಷ ವೀರ್ಯಾಣು, ಶೇಕಡಾ 42ರಷ್ಟು ಚಲನೆ, ಶೇಕಡಾ 4ರಷ್ಟು ಸರಿಯಾದ ಆಕಾರ ಕೆಳಗಿನ ಮಿತಿಗಳು. ನೂರರಲ್ಲಿ ನಾಲ್ಕೇ ಸರಿಯಾಗಿವೆ ಎಂಬ ವರದಿ ಕಂಡು ಅತ್ತವರನ್ನು ನಾವು ನೋಡಿದ್ದೇವೆ. ಅಷ್ಟಿದ್ದರೂ ತಂದೆಯಾಗಬಹುದು. ಒಂದು ವರದಿಯಲ್ಲಿ ಕೊರತೆ ಕಂಡರೆ ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಬೇಕು. ತೀವ್ರ ಜ್ವರ ಬಂದು ಹೋದರೂ ಎರಡು ಮೂರು ತಿಂಗಳು ಸಂಖ್ಯೆ ಕುಗ್ಗಿರಬಹುದು.

ರಸಧಾತು ಶುಕ್ರವಾಗಲು ಸುಮಾರು ಒಂದು ತಿಂಗಳು ಎಂದು ಪ್ರಾಚೀನರು ಲೆಕ್ಕ ಹಾಕಿದರು. ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ, ಮತ್ತೆ ಪಕ್ವವಾಗಿ ಹೊರಬರಲು ಇನ್ನೂ ಕೆಲವು ದಿನ ಬೇಕೆಂದು ಇಂದಿನ ವಿಜ್ಞಾನ ಅಳೆದು ಹೇಳಿದೆ. ಅಳೆದದ್ದನ್ನು ಒಪ್ಪುವುದರಲ್ಲಿ ನಮಗೆ ಸಂಕೋಚವಿಲ್ಲ. ಇಂದು ತಿದ್ದಿಕೊಂಡ ಜೀವನದ ಫಲ ವೀರ್ಯದಲ್ಲಿ ಕಾಣಲು ಮೂರು ತಿಂಗಳು ಬೇಕೆಂಬುದು ಇದರ ಸಾರ.

ಆ ಮೂರು ತಿಂಗಳಲ್ಲಿ ಮಾಡಬೇಕಾದುದು ಇಷ್ಟು. ತಂಬಾಕು, ಗುಟ್ಕಾ, ಬೀಡಿ, ಮದ್ಯ ಇವನ್ನು ಪೂರ್ಣವಾಗಿ ಬಿಡಬೇಕು. ವೃಷಣಗಳಿಗೆ ದೇಹದ ಉಷ್ಣತೆಗಿಂತ ಎರಡು ನಾಲ್ಕು ಡಿಗ್ರಿ ತಂಪು ಬೇಕು. ಅದಕ್ಕಾಗಿಯೇ ಪ್ರಕೃತಿ ಅವನ್ನು ದೇಹದ ಹೊರಗಿಟ್ಟಿದೆ. ಕುಲುಮೆ, ಬಾಯ್ಲರ್, ವೆಲ್ಡಿಂಗ್, ಹೋಟೆಲಿನ ಒಲೆ, ದಿನವಿಡೀ ಲಾರಿಯ ಸೀಟು ಇಂಥ ಕಾಯಕದಲ್ಲಿರುವವರು ನಡುನಡುವೆ ಎದ್ದು ತಂಪಾಗಬೇಕು, ಸಡಿಲ ಹತ್ತಿಯ ಬಟ್ಟೆ ತೊಡಬೇಕು. ಕ್ರಿಮಿನಾಶಕ ಸಿಂಪಡಿಸುವ ರೈತರು ಕೈಗವಸು, ಮುಖಗವಸು ಇಲ್ಲದೆ ಹೊಲಕ್ಕಿಳಿಯಬಾರದು. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ, ಬೇರಿನ ಜಂತುಹುಳುವಿಗೆ ಬಳಸುವ ಡಿಬಿಸಿಪಿ ಎಂಬ ವಿಷವನ್ನು ತಯಾರಿಸುತ್ತಿದ್ದ ಕಾರ್ಮಿಕರಲ್ಲಿ ವೀರ್ಯಾಣುಗಳೇ ಇಲ್ಲವಾದುದು ಬಯಲಾಯಿತು. ತಮಗೆ ಮಕ್ಕಳಾಗುತ್ತಿಲ್ಲವೆಂದು ಆ ಕಾರ್ಮಿಕರೇ ತಮ್ಮೊಳಗೆ ಮಾತಾಡಿಕೊಂಡಿದ್ದರಿಂದ ಅದು ಹೊರಬಿತ್ತು. ಇನ್ನು ಜಿಮ್‌ಗಳಲ್ಲಿ ಮೈಕಟ್ಟಿಗಾಗಿ ಚುಚ್ಚಿಸಿಕೊಳ್ಳುವ ಹಾರ್ಮೋನು, ಹೊರಗೆ ಗಂಡಸುತನವನ್ನು ತೋರಿಸುತ್ತ ಒಳಗೆ ವೀರ್ಯಾಣುವಿನ ಉತ್ಪತ್ತಿಯನ್ನೇ ನಿಲ್ಲಿಸುತ್ತದೆ. ಮಧುಮೇಹ, ಬೊಜ್ಜು ಹತೋಟಿಯಲ್ಲಿರಬೇಕು. ವೃಷಣದ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೊಸೀಲ್ ಇದೆಯೇ ಎಂದು ಶಸ್ತ್ರವೈದ್ಯರಿಂದ ಪರೀಕ್ಷಿಸಿಕೊಳ್ಳಬೇಕು. ಮಕ್ಕಳಾಗದ ಪುರುಷರಲ್ಲಿ ಮೂವರಲ್ಲಿ ಒಬ್ಬರಿಗಾದರೂ ಅದು ಇರುತ್ತದೆ. ಅನೇಕರಲ್ಲಿ ಶಸ್ತ್ರಚಿಕಿತ್ಸೆಯಿಂದ ವೀರ್ಯದ ಗುಣ ಸುಧಾರಿಸುತ್ತದೆ.

ಆಹಾರದಲ್ಲಿ ಹಾಲು, ಹಿತಮಿತವಾದ ತುಪ್ಪ, ಉದ್ದು, ಎಳ್ಳು, ಋತುವಿನ ಹಣ್ಣು-ತರಕಾರಿ ಇರಲಿ. ಅತಿಯಾದ ಖಾರ, ಉಪ್ಪು, ಕ್ಷಾರ ಶುಕ್ರಕ್ಕೆ ಹಿತವಲ್ಲವೆಂಬುದು ನಮ್ಮ ಶಾಸ್ತ್ರದ ಮಾತು. ಅಶ್ವಗಂಧ, ನಸುಗುನ್ನಿ ಮೊದಲಾದ ದ್ರವ್ಯಗಳನ್ನು ನಾವೂ ಕೊಡುತ್ತೇವೆ. ಸಣ್ಣ ಪ್ರಮಾಣದ ಅಧ್ಯಯನಗಳಲ್ಲಿ ಇವುಗಳಿಂದ ವೀರ್ಯಾಣುವಿನ ಸಂಖ್ಯೆ, ಚಲನೆ ಸುಧಾರಿಸಿದ್ದುಂಟು. ಆದರೆ ಚಿಪ್‌ಗಳನ್ನು ತೂಗಿದ ತಕ್ಕಡಿಯಲ್ಲಿಯೇ ನಮ್ಮ ಲೇಹ್ಯವನ್ನೂ ತೂಗಬೇಕು. ಇವುಗಳಿಂದ ಹೆಚ್ಚು ಮಕ್ಕಳು ಹುಟ್ಟಿದರೆಂದು ತೋರಿಸುವ ದೊಡ್ಡ ಅಧ್ಯಯನ ಇನ್ನೂ ಆಗಬೇಕಾಗಿದೆ. ಅಂಗಡಿಯಲ್ಲಿ ಸಿಗುವ ಸತು ಮತ್ತು ಫೋಲಿಕ್ ಆಮ್ಲದ ಗುಳಿಗೆಗಳನ್ನು ಅಮೆರಿಕದಲ್ಲಿ 2370 ದಂಪತಿಗಳಲ್ಲಿ ಪರೀಕ್ಷಿಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಶಿಶುಜನನದಲ್ಲಿ ಹೆಚ್ಚಳ ಕಾಣಲಿಲ್ಲ. ಆದ್ದರಿಂದ 'ಖಾತ್ರಿ ಔಷಧ' ಎಂದು ಹೇಳುವವರು ಯಾವ ಪದ್ಧತಿಯವರೇ ಆಗಿರಲಿ, ಅವರಿಂದ ದೂರವಿರಿ.

ಎಲ್ಲರೂ ಮೂರು ತಿಂಗಳು ಕಾಯಬೇಕೆಂದಲ್ಲ. ಹೆಂಡತಿಯ ವಯಸ್ಸು ಮೂವತ್ತೈದು ದಾಟಿದ್ದರೆ, ಗರ್ಭನಾಳಗಳು ಮುಚ್ಚಿದ್ದರೆ, ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದಿದ್ದರೆ ತಡಮಾಡದೆ ತಜ್ಞರನ್ನು ಕಾಣಬೇಕು. ನಮ್ಮಂಥವರ ಚೂರ್ಣ-ಲೇಹ್ಯಗಳನ್ನು ನಂಬಿ ವರ್ಷಗಟ್ಟಲೆ ಕಳೆದು, ನಲವತ್ತರ ಹೊಸ್ತಿಲಲ್ಲಿ ಆಸ್ಪತ್ರೆಯ ಬಾಗಿಲು ತಟ್ಟಿದ ದಂಪತಿಗಳನ್ನು ಕಂಡು ನೊಂದಿದ್ದೇವೆ. ಋತು ಕಳೆದ ಮೇಲೆ ಎಂಥ ಬೀಜವಿದ್ದರೂ ಕಷ್ಟವೇ.

ಆಯ್ಕೆ ಎಂದರೆ ಗಂಡುಮಗುವಿನ ಆಯ್ಕೆಯಲ್ಲ

ಈ ವಿಷಯ ಮಾತಾಡುವಾಗಲೆಲ್ಲ ಯಾರಾದರೊಬ್ಬರು ದನಿ ತಗ್ಗಿಸಿ, "ಹಂಗಾದ್ರ ಗಂಡು ಬೀಜ ಆರಿಸಬಹುದೇನ್ರೀ?" ಎಂದು ಕೇಳುವುದುಂಟು. ಕೂಡದು. ಗರ್ಭಧಾರಣೆಗೆ ಮುನ್ನ ಅಥವಾ ನಂತರ ಲಿಂಗವನ್ನು ಆರಿಸುವುದನ್ನು 1994ರ ಕಾಯ್ದೆ ಮತ್ತು ಅದರ ತಿದ್ದುಪಡಿ ನಿಷೇಧಿಸಿವೆ. 2021ರ ನೆರವಿನ ಸಂತಾನ ತಂತ್ರಜ್ಞಾನ ನಿಯಂತ್ರಣ ಕಾಯ್ದೆಯೂ ಇದನ್ನು ಕಠಿಣ ಶಿಕ್ಷೆಯ ಅಪರಾಧವೆಂದು ಸಾರಿದೆ. ನಾವು ಇಲ್ಲಿ ವಿವರಿಸಿದ ಆಯ್ಕೆಯೆಲ್ಲ ಆರೋಗ್ಯವಂತ ವೀರ್ಯಾಣುವಿನ ಆಯ್ಕೆ ಮಾತ್ರ.

ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಪುಂಸವನದ ವಿಧಿ ಇದೆಯಲ್ಲ ಎಂದು ವಾದಿಸುವವರಿದ್ದಾರೆ. ಇದೆ ಎಂಬುದನ್ನು ಮರೆಮಾಚುವುದಿಲ್ಲ. ಆದರೆ ಮಗುವಿನ ಲಿಂಗ ನಿರ್ಧಾರವಾಗುವುದು ವೀರ್ಯಾಣು ಅಂಡಾಣುವನ್ನು ಸೇರಿದ ಕ್ಷಣದಲ್ಲಿ. ಆಮೇಲೆ ಯಾವ ಮೂಲಿಕೆಯಿಂದಲೂ ಅದು ಬದಲಾಗದು. ಗಂಡುಮಗುವಿನ ಔಷಧವೆಂದು ಮಾರುವವರು ಶಾಸ್ತ್ರದ ಹೆಸರಿನಲ್ಲಿ ಮೋಸ ಮಾಡುತ್ತಿದ್ದಾರೆ. ಆಯುರ್ವೇದ ವೈದ್ಯರಾಗಿ ಇದನ್ನು ಹೇಳುವುದು ನಮ್ಮ ಹೊಣೆ.

ಹಣ ಕಟ್ಟುವ ಮುನ್ನ

ಚಿಕಿತ್ಸಾ ಕೇಂದ್ರಕ್ಕೆ ಹೋದಾಗ ಸಂಕೋಚ ಬಿಟ್ಟು ಕೆಲವು ಪ್ರಶ್ನೆಗಳನ್ನು ಕೇಳಿ. ಈ ಕೇಂದ್ರ 2021ರ ಕಾಯ್ದೆಯಡಿ ನೋಂದಣಿಯಾಗಿದೆಯೇ? ಈ ವಿಶೇಷ ಆಯ್ಕೆ ನಮಗೆ ಏಕೆ ಬೇಕು, ನಮ್ಮ ವರದಿಯಲ್ಲಿ ಅದಕ್ಕೆ ಕಾರಣವೇನು? ಅದಿಲ್ಲದೆ ಮಾಡಿದರೆ ಫಲಿತಾಂಶ ಎಷ್ಟು ಬೇರೆಯಾದೀತು? 'ಗರ್ಭ ನಿಂತದ್ದು ಎಷ್ಟು' ಎಂದು ಕೇಳಿ ಸುಮ್ಮನಾಗದೆ, 'ಹೆಂಡತಿಯ ವಯಸ್ಸಿನವರಲ್ಲಿ ಮಗು ಹುಟ್ಟಿದ್ದು ಎಷ್ಟು' ಎಂದು ಕೇಳಿ. ಒಂದು ಬಾರಿ ವಿಫಲವಾದರೆ ಮುಂದಿನ ಖರ್ಚೆಷ್ಟು ಎಂಬುದನ್ನು ಬರಹದಲ್ಲಿ ಪಡೆಯಿರಿ. ತಾಳ್ಮೆಯಿಂದ ಉತ್ತರಿಸುವ ವೈದ್ಯರು ಬೇಕಾದಷ್ಟು ಜನ ಇದ್ದಾರೆ. ಉತ್ತರ ಕೊಡದೆ ಸಹಿಗೆ ಅವಸರ ಮಾಡಿದರೆ ಆ ದಿನ ಮನೆಗೆ ಮರಳಿ ಬನ್ನಿ.

ಆ ಯುವಕನಿಗೆ ನಾವು ಹೇಳಿದ್ದೂ ಇಷ್ಟೇ. ಪರೀಕ್ಷೆಯಲ್ಲಿ ಅವನಿಗೆ ವೆರಿಕೊಸೀಲ್ ಇರುವುದು ತಿಳಿಯಿತು; ಶಸ್ತ್ರಚಿಕಿತ್ಸೆಯಾಯಿತು. ಗುಟ್ಕಾ ಬಿಟ್ಟಿದ್ದಾನೆ. ನಾಲ್ಕು ತಿಂಗಳ ನಂತರದ ವರದಿಯಲ್ಲಿ ಸಂಖ್ಯೆ ಏರಿದೆ, ಆದರೂ ಕೆಳಮಿತಿಗಿಂತ ತುಸು ಕಡಿಮೆಯೇ ಇದೆ. ಅವರಿಗೆ ಇನ್ನೂ ಮಗುವಾಗಿಲ್ಲ. ಮುಂದೆ ಪ್ರನಾಳ ಶಿಶು ಚಿಕಿತ್ಸೆ ಬೇಕಾದರೂ ಬೇಕಾಗಬಹುದು. ಆಗ ಅವರು ಅದನ್ನು ತಿಳಿದು ಮಾಡಿಸಿಕೊಳ್ಳುತ್ತಾರೆ. ಗದ್ದೆ ಇನ್ನೂ ಅವರ ಹೆಸರಿನಲ್ಲಿಯೇ ಇದೆ.

ಮೊನ್ನೆ ಅವರು ಬಂದಾಗ ಫೈಲನ್ನು ಹಿಡಿದುಕೊಂಡು ಬಂದವನು ಮಗ. ಆ ತಾಯಿಯೂ ಜೊತೆಗಿದ್ದರು. ಹೊರಡುವಾಗ ಸೊಸೆಯ ಬೆನ್ನ ಮೇಲೆ ಕೈಯಿಟ್ಟು, "ಇಷ್ಟು ದಿನ ಇಕಿನ್ನ ಅಂದ್ಕೊಂತ ಬಂದ್ವಿರೀ ಸಾಹೇಬ್ರ" ಎಂದರು. ಮಗು ಬರಲಿ, ತಡವಾಗಲಿ, ಆ ಮನೆಯಲ್ಲಿ ಒಂದು ಅನ್ಯಾಯ ಅಂದಿಗೆ ನಿಂತಿತು. ನಮ್ಮ ಭಕ್ತರ ಉಳಿದ ಮನೆಗಳಲ್ಲಿಯೂ ಅದು ನಿಲ್ಲಲಿ, ಮೊದಲ ಪರೀಕ್ಷೆ ಗಂಡನದೇ ಆಗಲಿ ಎಂದು ಪ್ರಾರ್ಥಿಸುತ್ತೇವೆ.